ಹಂಚಿದ ಸೈಕಲ್, ಹತ್ತಿದವರು ಯಾರು?

2018ರ ಏಪ್ರಿಲ್‌ನಲ್ಲಿ ಪುಣೆಯ ಸಾರಿಗೆ ಇಲಾಖೆಯ ಲೆಕ್ಕವೊಂದು ಪತ್ರಿಕೆಗಳ ಮುಖಪುಟಕ್ಕೆ ಬಂತು. ನಗರದ ಜನಸಂಖ್ಯೆ ಸುಮಾರು 35 ಲಕ್ಷ, ನೋಂದಣಿಯಾದ ವಾಹನಗಳು 36 ಲಕ್ಷಕ್ಕೂ ಹೆಚ್ಚು. ತೊಟ್ಟಿಲ ಕೂಸನ್ನೂ ಹಾಸಿಗೆ ಹಿಡಿದ ಮುದುಕರನ್ನೂ ಸೇರಿಸಿ ಎಣಿಸಿದರೂ ತಲೆಗೊಂದು ವಾಹನ ಹಂಚಿ ಇನ್ನೂ ಮಿಗುತ್ತಿತ್ತು. ಸೋಜಿಗವೆಂದರೆ, ಅದೇ ತಿಂಗಳುಗಳಲ್ಲಿ ಔಂಧ್‌ನಿಂದ ಕೋಥರೂಡದವರೆಗೆ ಫುಟ್‌ಪಾತುಗಳ ಮೇಲೆ ಹೊಚ್ಚಹೊಸ ಸೈಕಲ್ಲುಗಳೂ ಸಾಲುಗಟ್ಟಿ ನಿಂತಿದ್ದವು. ಹಸಿರು ಬಣ್ಣದ್ದು ಝೂಮ್‌ಕಾರ್ ಕಂಪನಿಯ ‘ಪೆಡ್ಲ್’, ಹಳದಿಯದು ಚೀನಾದ ‘ಓಫೋ’, ಕಿತ್ತಳೆಯದು ಅದೇ ದೇಶದ ‘ಮೊಬೈಕ್’, ನೀಲಿಯದು ಬೆಂಗಳೂರಿನ ‘ಯುಲು’. ಮೊಬೈಲ್ ತೆಗೆದು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಬೀಗ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಪೆಡ್ಲ್‌ನ ಆರಂಭದ ಬಾಡಿಗೆ ಅರ್ಧ ಗಂಟೆಗೆ ಒಂದು ರೂಪಾಯಿ.

ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ಆ ಬಣ್ಣಗಳಲ್ಲಿ ಹೆಚ್ಚಿನವು ಮಾಯವಾಗಿದ್ದವು. ಓಫೋ 2018ರ ಮಧ್ಯಭಾಗದಲ್ಲೇ ಭಾರತದಿಂದ ಗಂಟುಮೂಟೆ ಕಟ್ಟಿತು. ಉಳಿದವೂ ಒಂದೊಂದಾಗಿ ಹಿಂದೆ ಸರಿದವು. ಮುರಿದ ಸೀಟು, ಒಡೆದ ಬೀಗ, ನದಿಗೂ ಕಾಲುವೆಗೂ ಎಸೆದ ಸೈಕಲ್ಲುಗಳ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಜನರಿಗೆ ಶಿಸ್ತಿಲ್ಲ ಎಂದು ಕೆಲವರು, ಸೈಕಲ್ ಪಥವೇ ಇಲ್ಲ ಎಂದು ಕೆಲವರು ಷರಾ ಬರೆದು ಕಡತ ಮುಚ್ಚಿದರು. ಎರಡೂ ಸುಳ್ಳಲ್ಲ. ಆದರೆ ಎರಡಕ್ಕೂ ಮೊದಲು ಕೇಳಬೇಕಿದ್ದ ಪ್ರಶ್ನೆ ಬೇರೆ ಇತ್ತು: ಈ ಸೈಕಲ್ ಹತ್ತುವವರು ಯಾರು, ದಿನಕ್ಕೆ ಎಷ್ಟು ಸಲ?

ದಿನಕ್ಕೆಷ್ಟು ಸವಾರಿ?

ಹಂಚಿಕೆಯ ಸೈಕಲ್ ವ್ಯವಸ್ಥೆಯ ಆರೋಗ್ಯ ಅಳೆಯಲು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಅಳತೆಗೋಲು ಒಂದಿದೆ. ಎಷ್ಟು ಸೈಕಲ್ ತಂದಿರಿ, ಎಷ್ಟು ಜನ ಆ್ಯಪ್ ಇಳಿಸಿಕೊಂಡರು ಎಂಬುದಲ್ಲ. ಒಂದು ಸೈಕಲ್ ಒಂದು ದಿನದಲ್ಲಿ ಎಷ್ಟು ಸವಾರಿ ಕಂಡಿತು ಎಂಬುದು. ನಗರ ಸಾರಿಗೆಯ ಬಗ್ಗೆ ಕೆಲಸ ಮಾಡುವ ಐಟಿಡಿಪಿ ಸಂಸ್ಥೆಯ ಮಾರ್ಗದರ್ಶಿ ನಾಲ್ಕರಿಂದ ಎಂಟು ಸವಾರಿ ಸರಿ ಎನ್ನುತ್ತದೆ. ನಾಲ್ಕಕ್ಕಿಂತ ಕಡಿಮೆಯಾದರೆ ಹಾಕಿದ ದುಡ್ಡಿಗೆ ತಕ್ಕ ಉಪಯೋಗವಿಲ್ಲ. ಎಂಟನ್ನು ಮೀರಿದರೆ ಬೇಕಾದ ಹೊತ್ತಿಗೆ ಸೈಕಲ್ ಸಿಗುವುದಿಲ್ಲ, ಕಾದು ಬೇಸತ್ತವರು ಮತ್ತೆ ಬರುವುದಿಲ್ಲ. ಒಂದು ಚದರ ಕಿಲೋಮೀಟರಿನಲ್ಲಿ 10ರಿಂದ 16 ನಿಲ್ದಾಣಗಳಿರಬೇಕು, ಅಂದರೆ ಸುಮಾರು 300 ಮೀಟರಿಗೊಂದು, ಎಂಬ ಸೂತ್ರವೂ ಅದೇ ಮಾರ್ಗದರ್ಶಿಯದು.

ಬಾರ್ಸಿಲೋನಾ, ಮೆಕ್ಸಿಕೋ ಸಿಟಿಗಳಂಥ ಊರುಗಳು ಈ ಮಟ್ಟವನ್ನು ಮುಟ್ಟಿ ತೋರಿಸಿವೆ. ಆಸ್ಟ್ರೇಲಿಯಾದ ಮೆಲ್ಬೋರ್ನ್‌ನಲ್ಲಿ 2010ರಲ್ಲಿ ಶುರುವಾದ ಯೋಜನೆ ದಿನಕ್ಕೆ ಒಂದು ಸವಾರಿಯ ಆಸುಪಾಸಿನಲ್ಲೇ ತೆವಳಿ 2019ರಲ್ಲಿ ಮುಚ್ಚಿತು. ಅಲ್ಲಿ ಸೈಕಲ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ. ರಸ್ತೆಬದಿಯಲ್ಲಿ ಸೈಕಲ್ಲೇನೋ ಇರುತ್ತದೆ, ಹೆಲ್ಮೆಟ್ ಕೈಯಲ್ಲಿ ಹಿಡಿದು ಅಡ್ಡಾಡುವವರು ಎಲ್ಲಿದ್ದಾರೆ?

ಪುಣೆಯ ಒಂದು ರೂಪಾಯಿ ಬಾಡಿಗೆಯನ್ನು ಈ ಅಳತೆಗೆ ಹಚ್ಚಿ ನೋಡಬಹುದು. ಒಂದು ಸೈಕಲ್ ದಿನಕ್ಕೆ ಅರ್ಧರ್ಧ ಗಂಟೆಯ ನಾಲ್ಕು ಸವಾರಿ ಕಂಡರೂ ಗಳಿಕೆ ನಾಲ್ಕು ರೂಪಾಯಿ. ಒಂದು ದಿನವೂ ತಪ್ಪದೆ ಓಡಿದರೆ ವರ್ಷಕ್ಕೆ 1,460. ಅದರಲ್ಲೇ ಪಂಕ್ಚರ್, ಬ್ರೇಕು, ಜಿಪಿಎಸ್ ಬೀಗ, ಸಿಬ್ಬಂದಿ ಸಂಬಳ ಎಲ್ಲವೂ ಆಗಬೇಕು. ಆಗುವ ಮಾತಲ್ಲ ಎಂಬುದು ಕಂಪನಿಗಳಿಗೂ ಗೊತ್ತಿತ್ತು. ಅವರು ನೆಚ್ಚಿಕೊಂಡಿದ್ದು ಬಾಡಿಗೆಯನ್ನಲ್ಲ, ಹೂಡಿಕೆದಾರರನ್ನು. ಚೀನಾದಲ್ಲಿ 2017ರ ಹೊತ್ತಿಗೆ 77 ಕಂಪನಿಗಳು ಎರಡು ಕೋಟಿಗೂ ಹೆಚ್ಚು ಸೈಕಲ್ಲುಗಳನ್ನು ಬೀದಿಗೆ ಸುರಿದಿದ್ದವು. ಆ ಹೊಳೆಯ ಒಂದು ತೊರೆ ಪುಣೆಗೂ ಹರಿದು ಬಂದಿತ್ತು. ಮೂಲದಲ್ಲಿ ನೀರು ಬತ್ತಿತು: 2018ರ ಕೊನೆಗೆ ಓಫೋದ ಡೆಪಾಸಿಟ್ ಹಣ ವಾಪಸ್ ಕೇಳಿ ಕೋಟಿಗೂ ಮಿಕ್ಕಿ ಗ್ರಾಹಕರು ಸರದಿಯಲ್ಲಿದ್ದರು.

ಲಂಡನ್ನಿನ ಲೆಕ್ಕ

ಯಾರು ಹತ್ತುತ್ತಾರೆ ಎಂಬ ಪ್ರಶ್ನೆಗೆ ಬಹಳ ಊರುಗಳಲ್ಲಿ ಸಮೀಕ್ಷೆಗಳು ನಡೆದಿವೆ. ಉತ್ತರ ಹೆಚ್ಚುಕಡಿಮೆ ಒಂದೇ ಬಗೆಯದು. ಸವಾರರಲ್ಲಿ ಹೆಂಗಸರಿಗಿಂತ ಗಂಡಸರು ಜಾಸ್ತಿ, ಮಧ್ಯವಯಸ್ಸು ದಾಟಿದವರಿಗಿಂತ ಯುವಕರು ಜಾಸ್ತಿ, ಓದಿದವರು ಮತ್ತು ತಕ್ಕಮಟ್ಟಿಗೆ ಅನುಕೂಲವಿರುವವರು ಜಾಸ್ತಿ. ಇನ್ನೊಂದು ಸಂಗತಿ, ಸದಸ್ಯರ ಪಟ್ಟಿ ಉದ್ದವಿದ್ದರೂ ಅದರಲ್ಲಿ ಬಹುಪಾಲು ಜನ ಅಪರೂಪಕ್ಕೆ ಹತ್ತುವವರು. ಸವಾರಿಗಳ ಸಂಖ್ಯೆಯನ್ನು ಹೊತ್ತು ನಿಲ್ಲಿಸುವುದು ದಿನವೂ ಬರುವ ಸಣ್ಣ ಗುಂಪು.

ಲಂಡನ್ನಿನಲ್ಲಿ 2010ರ ಜುಲೈನಲ್ಲಿ ಆರಂಭವಾದ ಬಾಡಿಗೆ ಸೈಕಲ್ ಯೋಜನೆಯ ಮೊದಲ ತಿಂಗಳುಗಳ ದಾಖಲೆಯನ್ನು ಇಬ್ಬರು ಸಂಶೋಧಕರು ಜಾಲಾಡಿ 2012ರಲ್ಲಿ ಪ್ರಕಟಿಸಿದರು. ನೋಂದಾಯಿತರ ಸವಾರಿಗಳಲ್ಲಿ ಹೆಂಗಸರ ಪಾಲು ಐದರಲ್ಲೊಂದಕ್ಕಿಂತ ಕಡಿಮೆ. ಹೆಸರು ನೋಂದಾಯಿಸಿದವರಲ್ಲಿ ಉಳ್ಳವರ ಬಡಾವಣೆಯವರೇ ಹೆಚ್ಚು. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಮಾತೂ ಇದೆ. ಬಡವರು ಹೆಚ್ಚಿರುವ ಕೇರಿಗಳ ಹತ್ತಿರ ನಿಲ್ದಾಣಗಳೇ ಕಡಿಮೆ ಇದ್ದವು. ಈ ಅಂತರವನ್ನು ಲೆಕ್ಕಕ್ಕೆ ಹಿಡಿದು ನೋಡಿದರೆ, ಸದಸ್ಯರಾದವರ ಪೈಕಿ ಬಡ ಕೇರಿಗಳವರೇ ತಿಂಗಳಿಗೆ ಹೆಚ್ಚು ಸಲ ಸೈಕಲ್ ಹತ್ತಿದ್ದರು. ಅವರಿಗೆ ಸೈಕಲ್ ಬೇಡವಾಗಿರಲಿಲ್ಲ. ನಿಲ್ದಾಣ ಅವರ ಬೀದಿಯಲ್ಲಿರಲಿಲ್ಲ ಅಷ್ಟೆ.

ಇದನ್ನು ತಲೆಯಲ್ಲಿಟ್ಟುಕೊಂಡು ಕೋಥರೂಡದ ಬೀದಿಗೆ ಬಂದರೆ ಅಲ್ಲಿನ ಕಥೆ ಬೇರೆಯಾಗಿಯೇ ಕಾಣುತ್ತದೆ.

ಕೋಥರೂಡದಲ್ಲಿ ದಿನವೂ ತುಳಿಯುವವರು

ಪುಣೆಯ ಪಶ್ಚಿಮಕ್ಕಿರುವ ಕೋಥರೂಡ ಒಂದು ಕಾಲಕ್ಕೆ ಊರಾಚೆಯ ಹಳ್ಳಿ. ಕರ್ವೆ ರಸ್ತೆ, ಪೌಡ ರಸ್ತೆಗಳ ಗುಂಟ ಹೌಸಿಂಗ್ ಸೊಸೈಟಿಗಳು ಎದ್ದು, ಏಷ್ಯಾದಲ್ಲೇ ವೇಗವಾಗಿ ಬೆಳೆಯುವ ಉಪನಗರ ಎಂದು ಹೇಳಿಸಿಕೊಂಡ ಜಾಗ ಇದು. ಪಕ್ಕದ ಎರಂಡವಣೆಯ ಗಣೇಶನಗರದಲ್ಲಿ ಪುಣೆಯ ಕನ್ನಡ ಸಂಘದ ಶಾಲೆಗಳಿರುವುದರಿಂದ ಕನ್ನಡಿಗರಿಗೂ ಈ ಭಾಗ ಅಪರಿಚಿತವಲ್ಲ. ಕರ್ವೆ ರಸ್ತೆಗೆ ಹೆಸರು ಬಂದಿದ್ದು ಮಹರ್ಷಿ ಧೋಂಡೊ ಕೇಶವ ಕರ್ವೆಯವರಿಂದ. ಹಿಂಗಣೆಯಲ್ಲಿ ವಿಧವೆಯರಿಗಾಗಿ ಆಶ್ರಮ ಕಟ್ಟಿದ ಅವರು ಅಲ್ಲಿಂದ ಫರ್ಗ್ಯೂಸನ್ ಕಾಲೇಜಿಗೆ ಗಣಿತ ಪಾಠ ಹೇಳಲು ನಡೆದೇ ಹೋಗುತ್ತಿದ್ದರು. ಆ ಹಿಂಗಣೆಯೇ ಇಂದಿನ ಕರ್ವೆನಗರ.

ಕರ್ವೆನಗರದಲ್ಲೇ ಸೈಕಲ್ಲುಗಳದೊಂದು ವಸ್ತುಸಂಗ್ರಹಾಲಯವೂ ಇದೆ. ಸಂಗ್ರಾಹಕ ವಿಕ್ರಮ ಪೆಂಡಸೆ ವರ್ಷಗಟ್ಟಲೆ ಕೂಡಿಹಾಕಿದ ಹಳೆಯ ಸೈಕಲ್ಲುಗಳನ್ನು ಅಲ್ಲಿ ಜೋಡಿಸಿ 2017ರಲ್ಲಿ ಜನರಿಗೆ ತೆರೆದರು. ಎರಡನೆಯ ಮಹಾಯುದ್ಧದ ಕಾಲದ ಮಡಚುವ ಬಿಎಸ್‌ಎ ಸೈಕಲ್ಲೂ ಅಲ್ಲಿದೆ. ಒಂದೇ ವರ್ಷದಲ್ಲಿ ಪುಣೆಗೆ ಸೈಕಲ್ಲುಗಳ ಮ್ಯೂಸಿಯಂ ಬಂತು, ಆ್ಯಪ್ ಸೈಕಲ್ಲೂ ಬಂತು.

‘ಸೈಕಲ್ಲುಗಳ ಊರು’ ಎಂಬ ಬಿರುದು ಪುಣೆಗೆ ಬಹಳ ಕಾಲ ಇತ್ತು. ಅದನ್ನು ಕಸಿದಿದ್ದು ಅದೇ ಊರಿನ ಕಂಪನಿಗಳು. ಆಕುರ್ಡಿಯ ಬಜಾಜ್ ಸ್ಕೂಟರ್, 1972ರಲ್ಲಿ ಕೈನೆಟಿಕ್ ಹೊರತಂದ ಲೂನಾ, 80ರ ದಶಕದಲ್ಲಿ ಅದೇ ಕಂಪನಿ ತಂದ ಗೇರಿಲ್ಲದ ಕೈನೆಟಿಕ್ ಹೋಂಡಾ, ಒಂದರ ಹಿಂದೊಂದು ಬಂದವು. ಲೂನಾದಲ್ಲಿ ಪೆಡಲೂ ಇತ್ತು ಎಂಬುದು ಗಮನಿಸಬೇಕಾದ ಸಂಗತಿ. ಸೈಕಲ್ಲಿನಿಂದ ಇಳಿದವರು ನೇರವಾಗಿ ಹತ್ತಿಕೊಳ್ಳುವಂಥ ಬಂಡಿ ಅದು. ಮುಖಕ್ಕೆ ಓಢಣಿ ಬಿಗಿದು ಸ್ಕೂಟಿ ಓಡಿಸುವ ಕಾಲೇಜು ಹುಡುಗಿಯರು ಇಂದು ಕೋಥರೂಡದ ಗುರುತೇ ಆಗಿಬಿಟ್ಟಿದ್ದಾರೆ. ಮೂರು ಕಿಲೋಮೀಟರ್ ದೂರದ ಕೆಲಸಕ್ಕೆ ಮನೆಯಲ್ಲೇ ಸ್ಕೂಟಿ ಇರುವವರು ಫುಟ್‌ಪಾತಿನ ಸೈಕಲ್ಲಿಗಾಗಿ ಮೊಬೈಲ್ ನಕ್ಷೆಯಲ್ಲಿ ಹುಡುಕುವುದಾದರೂ ಯಾಕೆ?

ಹಾಗೆಂದು ಕೋಥರೂಡದಲ್ಲಿ ಸೈಕಲ್ ತುಳಿಯುವವರೇ ಇಲ್ಲವೆಂದಲ್ಲ. ನಸುಕಿನಲ್ಲಿ ಪೇಪರ್ ಹಾಕುವ ಹುಡುಗರು, ರಾತ್ರಿ ಪಾಳಿ ಮುಗಿಸಿ ಹೊರಡುವ ಸೊಸೈಟಿಯ ವಾಚ್‌ಮನ್, ಕಟ್ಟಡ ಕೆಲಸದವರು ಇಂದಿಗೂ ಸೈಕಲ್ಲನ್ನೇ ನಂಬಿದ್ದಾರೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಬೇಸಾಯ ಮತ್ತು ಗೃಹೋದ್ಯಮ ಬಿಟ್ಟು ಇತರ ಕೆಲಸಕ್ಕೆ ಹೋಗುವ ಸುಮಾರು 20 ಕೋಟಿ ಜನರಲ್ಲಿ 2.6 ಕೋಟಿ ಮಂದಿ, ಅಂದರೆ ನೂರಕ್ಕೆ ಹದಿಮೂರು ಜನ, ಸೈಕಲ್ಲಿನಲ್ಲೇ ಹೋಗುತ್ತಿದ್ದರು. ದಿನಕ್ಕೆರಡು ಸವಾರಿ ಖಾತ್ರಿಯಿರುವ ಜನ ಇವರೇ. ಆದರೆ ಹಂಚಿಕೆಯ ಸೈಕಲ್ ಇವರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದಾಗಿರಲಿಲ್ಲ. ಸ್ಮಾರ್ಟ್‌ಫೋನ್, ಇಂಟರ್ನೆಟ್, ಮೊಬೈಲ್ ವಾಲೆಟ್‌ನಲ್ಲಿ ದುಡ್ಡು ಮೂರೂ ಇರಬೇಕಿತ್ತು. ಮುಂದೊಂದು ಪುಟ್ಟ ಬುಟ್ಟಿಯಿದ್ದರೂ ಪೇಪರಿನ ಕಟ್ಟನ್ನೋ ಹಾಲಿನ ಕ್ರೇಟನ್ನೋ ಹೇರುವ ಕ್ಯಾರಿಯರ್ ಇರಲಿಲ್ಲ. ಬೆಳಿಗ್ಗೆ ಐದಕ್ಕೆ ಡ್ಯೂಟಿ ಇರುವವನಿಗೆ ನಿನ್ನೆ ನಿಲ್ಲಿಸಿದಲ್ಲೇ ಇವತ್ತೂ ಸೈಕಲ್ ಸಿಗುವ ಭರವಸೆಯೂ ಇರಲಿಲ್ಲ. ಅವನ ಹತ್ತಿರ ಸ್ವಂತದ್ದೇ ಒಂದಿತ್ತು, ಹಳೆಯದಾದರೂ ಅವನದು. ಸೈಕಲ್ ದಿನವೂ ಬೇಕಾದವರಿಗೆ ಬಾಡಿಗೆ ಬೇಕಿರಲಿಲ್ಲ. ಬಾಡಿಗೆ ಕೊಡಬಲ್ಲವರಿಗೆ ದಿನವೂ ಸೈಕಲ್ ಬೇಕಿರಲಿಲ್ಲ.

ನಡುವೆ ಉಳಿದವರು ವಿದ್ಯಾರ್ಥಿಗಳು. 2017ರ ಡಿಸೆಂಬರ್‌ನಲ್ಲಿ ಪೆಡ್ಲ್ ಶುರುವಾದ ಜಾಗಗಳಲ್ಲಿ ಔಂಧ್ ಭಾಗದ ಜೊತೆಗೆ 400 ಎಕರೆ ದಾಟುವ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯದ ಆವರಣವೂ ಇತ್ತು. ಹಾಸ್ಟೆಲ್‌ನಿಂದ ವಿಭಾಗಕ್ಕೆ, ಅಲ್ಲಿಂದ ಗ್ರಂಥಾಲಯಕ್ಕೆ, ಮತ್ತೆ ಮೆಸ್ಸಿಗೆ ಓಡಾಡುವವರಿಗೆ ಸ್ವಂತ ವಾಹನವಿಲ್ಲ, ಲಾರಿ–ಬಸ್ಸುಗಳ ಭಯವೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ 2012ರಲ್ಲೇ ‘ನಮ್ಮ ಸೈಕಲ್’ ಹೆಸರಿನ ಪ್ರಯೋಗ ನಡೆದದ್ದು ಇದೇ ಲೆಕ್ಕಾಚಾರದ ಮೇಲೆ.

ಮೈಸೂರಿನ ಟ್ರಿಣ್ ಟ್ರಿಣ್

ಪುಣೆಗಿಂತ ಆರು ತಿಂಗಳು ಮೊದಲು, 2017ರ ಜೂನ್ 4ರಂದು, ಮೈಸೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ‘ಟ್ರಿಣ್ ಟ್ರಿಣ್’ ಉದ್ಘಾಟಿಸಿದ್ದರು. 450 ಸೈಕಲ್, ಐವತ್ತರ ಆಸುಪಾಸು ನಿಲ್ದಾಣ. ನಗರ ಭೂಸಾರಿಗೆ ನಿರ್ದೇಶನಾಲಯ ಮತ್ತು ಮಹಾನಗರ ಪಾಲಿಕೆಯ ಈ ಯೋಜನೆಗೆ ಜಾಗತಿಕ ಪರಿಸರ ನಿಧಿಯ ನೆರವಿತ್ತು.

ಪುಣೆಯದಕ್ಕೂ ಇದಕ್ಕೂ ಇದ್ದ ವ್ಯತ್ಯಾಸ ಸಣ್ಣದಲ್ಲ. ಪುಣೆಯಲ್ಲಿ ಸೈಕಲ್ಲನ್ನು ಎಲ್ಲಿ ಬೇಕಾದರೂ ಬಿಟ್ಟು ಹೋಗಬಹುದಿತ್ತು. ಮೈಸೂರಿನಲ್ಲಿ ನಿಲ್ದಾಣದ ಕೊಂಡಿಗೆ ಸಿಕ್ಕಿಸಿದರಷ್ಟೇ ಲೆಕ್ಕ ಮುಗಿಯುತ್ತಿತ್ತು. ಪುಣೆಯಲ್ಲಿ ಆ್ಯಪ್, ಮೈಸೂರಿನಲ್ಲಿ ಡೆಪಾಸಿಟ್ ಇಟ್ಟು ಪಡೆಯುವ ಸ್ಮಾರ್ಟ್ ಕಾರ್ಡ್. ಎಲ್ಲಿ ಬೇಕಾದರೂ ಬಿಡುವುದು ಕೇಳಲು ಸುಲಭ. ಆದರೆ ಯಾರೋ ಬಿಟ್ಟುಹೋದದ್ದನ್ನು ಹುಡುಕುವ ಕಷ್ಟ ಮುಂದಿನವನದ್ದು. ಅರಮನೆ, ರೈಲು ನಿಲ್ದಾಣ, ಬಸ್ ನಿಲ್ದಾಣ, ಮೃಗಾಲಯ ಎಂದು ಗೊತ್ತಾದ ಜಾಗದಲ್ಲಿ ನಿಲ್ಲುವ ಸೈಕಲ್ಲಿಗೆ ಹುಡುಕಾಟ ಬೇಕಿರಲಿಲ್ಲ. ಸ್ಥಳೀಯ ವಿದ್ಯಾರ್ಥಿಗಳ ಜೊತೆ ಪ್ರವಾಸಿಗರೂ ಸೇರಿದ್ದರಿಂದ ಮೈಸೂರಿಗೆ ಎರಡು ಬಗೆಯ ಗಿರಾಕಿಗಳು ಸಿಕ್ಕರು. ಖಾಸಗಿ ಹೂಡಿಕೆಯ ಬಣ್ಣದ ಸೈಕಲ್ಲುಗಳು ಪುಣೆಯಲ್ಲಿ ಎರಡು ವರ್ಷ ಬಾಳಲಿಲ್ಲ. ಸರ್ಕಾರದ ದುಡ್ಡಿನ ಟ್ರಿಣ್ ಟ್ರಿಣ್ ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಓಡಿತು.

ಸೈಕಲ್ ಮುರಿದು ಹಾಕುವುದು ನಮ್ಮವರಿಗೆ ಮಾತ್ರ ಅಂಟಿದ ಜಾಡ್ಯವೆಂದುಕೊಳ್ಳುವವರು ಪ್ಯಾರಿಸ್ಸಿನತ್ತ ನೋಡಬೇಕು. 2007ರ ಜುಲೈನಲ್ಲಿ ಶುರುವಾದ ಅಲ್ಲಿನ ‘ವೆಲಿಬ್’ ಎರಡೇ ವರ್ಷದಲ್ಲಿ ಸುಮಾರು 20 ಸಾವಿರ ಸೈಕಲ್ಲುಗಳ ಪೈಕಿ ಹೆಚ್ಚಿನವನ್ನು ಕಳವಿನಲ್ಲೋ ಹಾನಿಯಲ್ಲೋ ಕಳೆದುಕೊಂಡಿತ್ತು. ಹಾಗಿದ್ದೂ ಮುಚ್ಚಲಿಲ್ಲ. ದಿನವೂ ಹತ್ತುವವರ ದಂಡು ದೊಡ್ಡದಿತ್ತು. ನಿರ್ವಹಣೆಯ ಹೊಣೆ ಹೊತ್ತ ಜಾಹೀರಾತು ಕಂಪನಿಗೆ ಊರಿನ ಜಾಹೀರಾತು ಫಲಕಗಳಿಂದ ಬೇರೆ ವರಮಾನವೂ ಇತ್ತು.

ಡೆಲಿವರಿ ಹುಡುಗರ ಸವಾರಿ

ನೀಲಿ ಬಣ್ಣದ ಯುಲು ಮಾತ್ರ ಈ ಕಥೆಯಲ್ಲಿ ಬೇರೆ ತಿರುವು ಕಂಡಿತು. ಬೆಂಗಳೂರಿನಲ್ಲಿ 2017ರಲ್ಲಿ ಹುಟ್ಟಿದ ಈ ಕಂಪನಿ ಪೆಡಲು ಸೈಕಲ್ಲಿನಿಂದಲೇ ಶುರು ಮಾಡಿ, 2019ರ ಹೊತ್ತಿಗೆ ವಿದ್ಯುತ್ ಬಂಡಿಗೆ ಹೊರಳಿತು. ಗಂಟೆಗೆ 25 ಕಿಲೋಮೀಟರ್ ಮೀರದ, ಲೈಸೆನ್ಸ್ ಬೇಡದ ಪುಟ್ಟ ಬಂಡಿ ಅದು. ಮೆಟ್ರೊ ನಿಲ್ದಾಣದಿಂದ ಆಫೀಸಿಗೆ ಹೋಗುವ ಐಟಿ ಉದ್ಯೋಗಿ ಅದರ ಗಿರಾಕಿ ಎಂದು ಮೊದಲು ಎಣಿಸಲಾಗಿತ್ತು. ಆದರೆ ಬಂಡಿಯನ್ನು ಬೆಳಗಿನಿಂದ ರಾತ್ರಿಯವರೆಗೆ ಬಿಡದೆ ಓಡಿಸುವವರು ಬೇರೆಯೇ ಇದ್ದರು: ಊಟ, ತರಕಾರಿ, ಔಷಧಿ ತಲುಪಿಸುವ ಡೆಲಿವರಿ ಕೆಲಸಗಾರರು. ಸ್ವಂತ ಬೈಕಿಲ್ಲ, ಲೈಸೆನ್ಸ್ ಇಲ್ಲ, ಪೆಟ್ರೋಲಿಗೆ ದುಡ್ಡು ಸುರಿಯುವಂತಿಲ್ಲ. ಅವರಿಗೆಂದೇ ಕಂಪನಿ ‘ಡೆಕ್ಸ್’ ಎಂಬ ಬಂಡಿ ತಂದಿತು. ಅದರಲ್ಲಿ ಸಾಮಾನು ಹೊರುವ ಕ್ಯಾರಿಯರ್ ಇತ್ತು.

ಹತ್ತು ನಿಮಿಷದ ಸವಾರಿಗೆಂದು ಹುಟ್ಟಿದ ವ್ಯವಸ್ಥೆ ಹೀಗೆ ದಿನಗಟ್ಟಲೆಯ ಬಾಡಿಗೆಗೆ ಬಂದು ನಿಂತಿತು. ಧಾರವಾಡ, ಮೈಸೂರು, ಶಿವಮೊಗ್ಗದಂಥ ಊರುಗಳ ಹಳಬರಿಗೆ ಇದರಲ್ಲಿ ಹೊಸತೇನೂ ಕಾಣದು. ಗಂಟೆ ಲೆಕ್ಕಕ್ಕೆ ಸೈಕಲ್ ಕೊಡುವ ಶಾಪುಗಳು ಒಂದು ಕಾಲಕ್ಕೆ ಬೀದಿಬೀದಿಗೂ ಇದ್ದವು. ಒಳಪೆಡಲು ಹೊಡೆದು ಕಲಿಯುವ ಮಕ್ಕಳಿಂದ ಹಿಡಿದು ಊರಿಗೆ ಬಂದ ನೆಂಟರವರೆಗೆ ಅಲ್ಲಿಗೆ ಬಗೆಬಗೆಯ ಗಿರಾಕಿಗಳು. ಗುರುತಿನವರ ಹೆಸರು ಹೇಳಿದರೆ ಅದೇ ಜಾಮೀನು, ನೋಟ್‌ಬುಕ್ಕಿನಲ್ಲಿ ಹೊತ್ತು ಬರೆದುಕೊಂಡರೆ ಅದೇ ಜಿಪಿಎಸ್. ಶಾಪಿನವನಿಗೆ ಯಾರು ಎಷ್ಟು ಸಲ ಬರುತ್ತಾರೆಂಬುದು ಬಾಯಿಪಾಠವಾಗಿತ್ತು. ಕಂಪನಿಗಳು ಅದನ್ನು ತಿಳಿಯಲು ಕೋಟಿಗಟ್ಟಲೆ ಖರ್ಚು ಮಾಡಿದವು.

ಇದರಲ್ಲಿ ಪುಣೆಯ ಪಾಲೂ ಇದೆ. 2019ರಲ್ಲಿ ಯುಲುವಿನಲ್ಲಿ ಹಣ ಹೂಡಿದ್ದು ಪುಣೆಯದೇ ಬಜಾಜ್ ಆಟೊ. 2023ರಲ್ಲಿ ಬಂದ ಹೊಸ ಮಾದರಿಯ ಯುಲು ಬಂಡಿಗಳನ್ನು ತಯಾರಿಸಿದ್ದು ಅದೇ ಬಜಾಜ್‌ನ ಅಂಗಸಂಸ್ಥೆ ಚೇತಕ್ ಟೆಕ್ನಾಲಜಿ. ಪುಣೆಯ ಸೈಕಲ್ಲನ್ನು ಮೂಲೆಗೆ ಸರಿಸಿದ ಸ್ಕೂಟರ್ ಮನೆತನವೇ ಹಂಚಿಕೆಯ ಬಂಡಿಗೂ ಕೈ ಹಾಕಿತು.

ಮೆಟ್ರೊ ಬಂದ ಮೇಲೆ

ಕೋಥರೂಡದ ಮಟ್ಟಿಗೆ ಲೆಕ್ಕ ಬದಲಾಗಿದ್ದು 2022ರ ಮಾರ್ಚ್ 6ರಂದು. ಅಂದು ವನಾಜ್‌ನಿಂದ ಗರವಾರೆ ಕಾಲೇಜಿನವರೆಗಿನ ಐದು ಕಿಲೋಮೀಟರ್ ಮೆಟ್ರೊ ಓಡತೊಡಗಿತು. ಮರುವರ್ಷದ ಆಗಸ್ಟ್‌ನಲ್ಲಿ ಅದು ರೂಬಿ ಹಾಲ್ ಕ್ಲಿನಿಕ್‌ವರೆಗೆ, 2024ರ ಮಾರ್ಚ್‌ನಲ್ಲಿ ರಾಮವಾಡಿವರೆಗೆ ಮುಂದುವರಿಯಿತು. ವನಾಜ್, ಆನಂದನಗರ, ಐಡಿಯಲ್ ಕಾಲೊನಿ, ನಳ ಸ್ಟಾಪ್ ನಿಲ್ದಾಣಗಳು ಪೌಡ ಮತ್ತು ಕರ್ವೆ ರಸ್ತೆಗಳ ಮೇಲಿವೆ. ಕರ್ವೆನಗರ, ವಾರ್ಜೆಯಂಥ ಜನ ತುಂಬಿದ ವಸತಿಗಳು ಆ ಸಾಲಿನಿಂದ ದೂರ ಉಳಿದಿವೆ. ನಡೆಯಲು ಹೆಚ್ಚು, ರಿಕ್ಷಾಕ್ಕೆ ದುಬಾರಿ ಎನಿಸುವ ಈ ದೂರಕ್ಕೇ ಹಂಚಿಕೆಯ ಸೈಕಲ್ ಹೇಳಿಮಾಡಿಸಿದ್ದು. ಬೆಳಿಗ್ಗೆ ಒಂದು, ಸಂಜೆ ಒಂದು ಸವಾರಿ ಖಚಿತವಿರುವ ಗಿರಾಕಿ 2018ರಲ್ಲಿ ಇಲ್ಲಿರಲಿಲ್ಲ, ಈಗ ಇದ್ದಾನೆ.

ಇದ್ದಾಳೆ ಎಂದೂ ಹೇಳುವಂತಾಗಬೇಕಾದರೆ ರಸ್ತೆಯ ಕೆಲಸ ಬೇಕು. ಕರ್ನಾಟಕ ಸರ್ಕಾರ 2006–07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಟ್ಟಾಗ, ಬಿಹಾರ ಅದೇ ಸುಮಾರಿಗೆ ಪ್ರೌಢಶಾಲೆಯ ಹುಡುಗಿಯರಿಗೆ ಸೈಕಲ್ ಕೊಟ್ಟಾಗ, ಹಳ್ಳಿಯ ಹುಡುಗಿಯರು ಯಾವ ಅಳುಕೂ ಇಲ್ಲದೆ ಗುಂಪಾಗಿ ತುಳಿದರು. ಬಿಹಾರದಲ್ಲಿ ಹೆಣ್ಣುಮಕ್ಕಳ ಪ್ರೌಢಶಾಲಾ ದಾಖಲಾತಿ ಶೇ 30ರಷ್ಟು ಏರಿತೆಂದು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ಹಳ್ಳಿಯ ಹುಡುಗಿ ತುಳಿದ ಸೈಕಲ್ಲನ್ನು ಪುಣೆಯ ಹುಡುಗಿ ಕರ್ವೆ ರಸ್ತೆಯಲ್ಲಿ ತುಳಿಯಲು ಹಿಂಜರಿಯುವುದು ನಗರ ಸಾರಿಗೆಯ ಪಿಎಂಪಿ ಬಸ್ಸು ಮತ್ತು ಫುಟ್‌ಪಾತಿನ ನಡುವೆ ಸಿಗುವ ಗೇಣು ಜಾಗಕ್ಕೆ ಹೆದರಿ. 2017ರ ಡಿಸೆಂಬರ್‌ನಲ್ಲಿ ಪುಣೆ ಪಾಲಿಕೆ ಒಪ್ಪಿದ ಸೈಕಲ್ ಯೋಜನೆಯಲ್ಲಿ ನೂರಾರು ಕಿಲೋಮೀಟರ್ ಸೈಕಲ್ ಪಥದ ನಕ್ಷೆಯಿತ್ತು. ಇರುವ ಪಥಗಳ ಮೇಲೆ ನಿಂತ ಕಾರು, ಕೈಗಾಡಿ, ವಿದ್ಯುತ್ ಪೆಟ್ಟಿಗೆಗಳನ್ನು ಕೋಥರೂಡದವರಿಗೆ ಯಾರೂ ತೋರಿಸಬೇಕಿಲ್ಲ.

ಇನ್ನೊಂದು ತೊಡಕೂ ಇದೆ. ಮೆಟ್ರೊಗೆ ಹೋಗುವವರು ಬೆಳಿಗ್ಗೆ ಎಲ್ಲರೂ ಒಂದೇ ದಿಕ್ಕಿಗೆ ತುಳಿಯುತ್ತಾರೆ. ಒಂಬತ್ತೂವರೆಗೆ ಸೈಕಲ್ಲುಗಳೆಲ್ಲ ನಿಲ್ದಾಣದ ಬುಡದಲ್ಲಿ ಗುಡ್ಡೆ, ಬಡಾವಣೆಯ ಕೊಂಡಿಗಳೆಲ್ಲ ಖಾಲಿ, ಸಂಜೆ ತಿರುಗುಮುರುಗು. ಲಾರಿಯಲ್ಲಿ ಹೇರಿ ಮತ್ತೆ ಹಂಚುವ ಈ ಕೆಲಸ ಎಲ್ಲ ಊರಿನಲ್ಲೂ ದುಬಾರಿ ಬಾಬತ್ತು. ಅದಕ್ಕೆ ಕೋಥರೂಡದ ಇಳಿಜಾರೂ ಸೇರುತ್ತದೆ. ವನಾಜ್ ದಾಟಿ ಚಾಂದಣಿ ಚೌಕದತ್ತ ಹೋದಂತೆ ರಸ್ತೆ ಏರುತ್ತದೆ. ಇಳಿಯುವಾಗ ಸೈಕಲ್, ಹತ್ತುವಾಗ ರಿಕ್ಷಾ ಹಿಡಿಯುವವರೇ ಹೆಚ್ಚಾದರೆ ಸೈಕಲ್ಲುಗಳು ಕೆಳಗೇ ಉಳಿದುಬಿಡುತ್ತವೆ. ಪ್ಯಾರಿಸ್ಸಿಗೂ ಇದೇ ತಲೆನೋವಿತ್ತು. ಎತ್ತರದ ನಿಲ್ದಾಣಕ್ಕೆ ಸೈಕಲ್ ತಂದು ಬಿಟ್ಟವರಿಗೆ ಹದಿನೈದು ನಿಮಿಷ ಹೆಚ್ಚುವರಿ ಉಚಿತ ಸವಾರಿ ಎಂದು ಅಲ್ಲಿ 2008ರಲ್ಲಿ ಘೋಷಿಸಿದರು. ಹಾಗಿದ್ದೂ ಲಾರಿಗಳ ಕೆಲಸ ತಪ್ಪಲಿಲ್ಲ. ಪುಣೆಯಲ್ಲಿ ಮುಂದೊಮ್ಮೆ ಹಂಚಿಕೆಯ ಸೈಕಲ್ಲಿಗೆ ಟೆಂಡರ್ ಕರೆದರೆ ಎಷ್ಟು ಸಾವಿರ ಸೈಕಲ್ ಎಂಬುದು ದಪ್ಪ ಅಕ್ಷರದಲ್ಲಿ ಅಚ್ಚಾಗುತ್ತದೆ. ಸಂಜೆಯ ಲಾರಿಯ ಡೀಸೆಲ್ ಖರ್ಚು ಪಾಲಿಕೆಯದೋ, ಮೆಟ್ರೊದ್ದೋ, ಅರ್ಧ ಗಂಟೆಗೆ ರೂಪಾಯಿ ಎಣಿಸುವ ಕಂಪನಿಯದೋ ಎಂಬುದನ್ನು ಹುಡುಕಲು ಒಳಪುಟಗಳನ್ನು ತಿರುವಬೇಕಾದೀತು.